ಪುಸ್ತಕಕ್ಕೊಂದು ಮನೆ ನಂಬರು

ಗ್ರಂಥಾಲಯದಿಂದ ತಂದ ಪುಸ್ತಕದ ಬೆನ್ನಿನ ಮೇಲೆ, ಕೆಳಗಡೆ, ಒಂದು ಪುಟ್ಟ ಚೀಟಿ ಅಂಟಿಸಿರುವುದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದರ ಮೇಲೆ ಮೂರಂಕಿಯ ಒಂದು ಸಂಖ್ಯೆ, ಆಮೇಲೊಂದು ಚುಕ್ಕೆ, ಚುಕ್ಕೆಯಾದ ಮೇಲೆ ಮತ್ತೆ ಎರಡು ಮೂರು ಅಂಕಿ. ಅದೇನೆಂದು ವಿಚಾರಿಸಿದವರು ಎಷ್ಟು ಜನ? ನಮ್ಮ ಪಕ್ಕದ ಮನೆಯಾಕೆ ವಾರಕ್ಕೆರಡು ಕಾದಂಬರಿ ಓದಿ ಮುಗಿಸುವವರು. ಅವರು ಇಪ್ಪತ್ತು ವರ್ಷದಿಂದ ‘ಅದು ಪುಸ್ತಕದ ಬೆಲೆ ಇರಬೇಕು ಕಣ್ರೀ’ ಎಂದೇ ನಂಬಿಕೊಂಡಿದ್ದರು. ‘894 ರೂಪಾಯಿ ಕೊಟ್ಟು ಈ ಹಳೇ ಕಾದಂಬರೀನ ಯಾರು ಕೊಂಡಾರು?’ ಎಂದು ನಾನು ಕೇಳಿದರೆ, ‘ಸರ್ಕಾರದವರು ಕೊಳ್ತಾರೆ, ಅವರಿಗೇನು!’ ಎಂದರು.

ಅದು ಬೆಲೆಯಲ್ಲ, ವಿಳಾಸ. ಯಾವ ಬಡಾವಣೆ, ಯಾವ ಅಡ್ಡರಸ್ತೆ, ಎಷ್ಟನೆಯ ಮನೆ ಎಂದು ನಮ್ಮ ಬಾಗಿಲಿಗೆ ಬರೆಯುತ್ತಾರಲ್ಲ, ಹಾಗೆ. ಇದನ್ನು ಬಲ್ಲವರಿಗೆ ಹೊಸತೇನಲ್ಲ. ಆದರೆ ಬಿ.ಎ., ಬಿ.ಎಡ್. ಮಾಡಿಕೊಂಡು ಪಾಠ ಹೇಳುತ್ತಾ ಬಂದ ನನ್ನಂಥವಳಿಗೆ, ಶಾಲೆಯ ಲೈಬ್ರರಿಯ ಚಾರ್ಜು ಕೊರಳಿಗೆ ಬೀಳುವ ತನಕ ಅದರ ಗೋಜೇ ಇರಲಿಲ್ಲ. ‘ಮೇಡಂ ಅಚ್ಚುಕಟ್ಟು, ಅವರೇ ನೋಡಿಕೊಳ್ಳಲಿ’ ಎಂದರು. ಹೆಂಗಸರನ್ನು ಹೊಗಳುವಾಗಲೆಲ್ಲ ಹಿಂದೆಯೇ ಒಂದು ಕೆಲಸ ಬರುತ್ತಿರುತ್ತದೆ, ಅದು ನಿಮಗೂ ಗೊತ್ತು.

ಮೂರು ಕಬ್ಬಿಣದ ಬೀರು, ಸಾವಿರದ ಚಿಲ್ಲರೆ ಪುಸ್ತಕ. ಕೊಂಡ ದಿನದ ಕ್ರಮದಲ್ಲಿ ರಿಜಿಸ್ಟರಿನಲ್ಲಿ ಬರೆದ ಸಂಖ್ಯೆಯ ಪ್ರಕಾರವೇ ಜೋಡಿಸಿಟ್ಟಿದ್ದರು. ಹೀಗಾಗಿ ಪಂಚತಂತ್ರದ ಪಕ್ಕದಲ್ಲಿ ಕ್ಷಯರೋಗ, ಕ್ಷಯರೋಗದ ಪಕ್ಕದಲ್ಲಿ ಛಂದಸ್ಸು, ಅದರ ಪಕ್ಕದಲ್ಲಿ ಕುರಿ ಸಾಕಣೆ. ನಡುವೆ ಯಾರೋ ಪುಣ್ಯಾತ್ಮರು ಒಂದು ಬೀರುವನ್ನು ಮಾತ್ರ ಎತ್ತರದ ಪ್ರಕಾರ ಜೋಡಿಸಿದ್ದರು. ನೋಡಲು ಅಂದವಾಗಿತ್ತು, ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಮಕ್ಕಳು ಬಂದು ‘ಮಿಸ್, ಗ್ರಹಣದ ಬಗ್ಗೆ ಪುಸ್ತಕ ಇದೆಯಾ?’ ಎಂದರೆ ಇದೆ ಅನ್ನುವ ಹಾಗೂ ಇಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ಎಲ್ಲಿದೆ ಎಂದು ಗೊತ್ತಿಲ್ಲದ ಪುಸ್ತಕ ಇದ್ದರೆಷ್ಟು, ಬಿಟ್ಟರೆಷ್ಟು?

ನಮ್ಮೂರಿನಲ್ಲಿ ಗ್ರಂಥಪಾಲಕರಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಮನೆಗೆ ಹೋಗಿ ನನ್ನ ಪಾಡು ಹೇಳಿಕೊಂಡೆ. ಅವರು ಒಳಗಿನಿಂದ ಡ್ಯೂಯಿ ವರ್ಗೀಕರಣದ ಎರಡು ದಪ್ಪ ಸಂಪುಟಗಳನ್ನು ತಂದಿಟ್ಟರು. ಒಂದು ಬಹಳ ಹಳೆಯ ಆವೃತ್ತಿಯದು, ಇನ್ನೊಂದು ಈಚಿನದು. ‘ಓದಿ, ಪಂಚಾಂಗ ಓದಿದ ಹಾಗೆ ಓದಿ’ ಎಂದರು. ನಾನು ಓದಿದ್ದು ಬೇರೆ ರೀತಿ. ಮದುವೆ ಮನೆಯಲ್ಲಿ ಊಟಕ್ಕೆ ಯಾರನ್ನು ಯಾರ ಪಕ್ಕ ಕೂರಿಸಿದ್ದಾರೆ ಎಂದು ನೋಡುತ್ತೇವಲ್ಲ, ಆ ರೀತಿ.

ಮೆಲ್ವಿಲ್ ಡ್ಯೂಯಿ ಅಮೆರಿಕದವನು. ಆಮ್‌ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದವನು 1876ರಲ್ಲಿ, ಇನ್ನೂ 24ರ ಹರೆಯದಲ್ಲಿ, 44 ಪುಟದ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಅದೇ ಬೆಳೆದು ಬೆಳೆದು 2011ರಲ್ಲಿ ಬಂದ 23ನೆಯ ಆವೃತ್ತಿ ನಾಲ್ಕು ಸಂಪುಟಗಳಾಯಿತು. ಅವನಿಗೆ ಮೊದಲು ಎಷ್ಟೋ ಕಡೆ ಪುಸ್ತಕಕ್ಕೆ ಕಪಾಟಿನಲ್ಲೇ ಜಾಗ ಗೊತ್ತುಮಾಡುತ್ತಿದ್ದರು. ಮೂರನೇ ಕಪಾಟು, ಎರಡನೇ ಸಾಲು, ಹದಿನಾಲ್ಕನೆಯ ಪುಸ್ತಕ ಎಂದು. ಸಾಲು ತುಂಬಿದ ಮೇಲೆ ಅದೇ ವಿಷಯದ ಹೊಸ ಪುಸ್ತಕ ಬಂದರೆ ಎಲ್ಲಿಡುವುದು? ಡ್ಯೂಯಿ ಅಂಕಿಯನ್ನು ಕಪಾಟಿಗೆ ಕೊಡದೆ ವಿಷಯಕ್ಕೆ ಕೊಟ್ಟ. ಲೋಕದ ತಿಳಿವನ್ನೆಲ್ಲ ಹತ್ತು ಪಾಲು ಮಾಡಿ, ಒಂದೊಂದನ್ನು ಮತ್ತೆ ಹತ್ತು, ಅದನ್ನು ಮತ್ತೆ ಹತ್ತು. ಸಾಲದೆ ಬಂದರೆ ಚುಕ್ಕೆ ಇಟ್ಟು ದಶಮಾಂಶ. ಎರಡು ಪುಸ್ತಕದ ನಡುವೆ ಸಾವಿರ ಹೊಸ ಪುಸ್ತಕ ಬಂದರೂ ಕ್ರಮ ಕೆಡುವುದಿಲ್ಲ. ಎಲ್ಲ ಸ್ವಲ್ಪ ಸ್ವಲ್ಪ ಸರಿದು ಕೂತರಾಯಿತು, ಹಳ್ಳಿ ಬಸ್ಸಿನಲ್ಲಿ ಕೂರುತ್ತಾರಲ್ಲ ಹಾಗೆ.

ಇಷ್ಟು ತಿಳಿದ ಮೇಲೆ ನಾನು ಮೊದಲು ಹುಡುಕಿದ್ದು ನಮ್ಮನ್ನು. ಅಡುಗೆಯ ಪುಸ್ತಕಕ್ಕೆ ಯಾವ ವಿಳಾಸವೋ ನೋಡೋಣ ಎಂದು. ಸಿಕ್ಕಿತು: 641.5. ಅದು ಇರುವುದು 600ರಲ್ಲಿ, ತಂತ್ರಜ್ಞಾನದ ಬಡಾವಣೆಯಲ್ಲಿ! 610 ವೈದ್ಯ, 620 ಎಂಜಿನಿಯರಿಂಗು, 630 ಬೇಸಾಯ, 640 ಮನೆವಾರ್ತೆ. ನನಗೆ ಹಿಗ್ಗೋ ಹಿಗ್ಗು. ರಾತ್ರಿ ನಮ್ಮವರಿಗೆ ಹುಳಿ ಬಡಿಸುತ್ತಾ, ‘ನಾನೂ ನಿಮ್ಮ ತಮ್ಮನೂ ಒಂದೇ ಇಲಾಖೆಯವರು, ಗೊತ್ತಾ?’ ಎಂದೆ. ನಮ್ಮ ಮೈದುನ ಎಂಜಿನಿಯರು. ‘ಅವನ ಸಂಬಳ?’ ಎಂದು ಕೇಳಿ ಅವರು ಅನ್ನ ಕಲಸಿಕೊಂಡರು.

ಅದೇ 640ರೊಳಗೆ 646 ಬಟ್ಟೆ ಹೊಲಿಗೆ, 648 ಮನೆ ಒಪ್ಪ ಮಾಡುವುದು, ಬಟ್ಟೆ ಒಗೆಯುವುದು, 649 ಮಕ್ಕಳನ್ನು ಬೆಳೆಸುವುದು, ಮನೆಯಲ್ಲೇ ರೋಗಿಗಳ ಆರೈಕೆ. ಒಬ್ಬ ಗೃಹಿಣಿಯ ಬೆಳಗಿನಿಂದ ರಾತ್ರಿಯವರೆಗಿನ ಹೊತ್ತನ್ನು ಹತ್ತು ಅಂಕಿಗಳಲ್ಲಿ ಮಡಿಸಿಟ್ಟ ಹಾಗಿದೆ. ಒಂದು ವಿಚಿತ್ರ ಮಾತ್ರ ನೋಡಿ. ರವಿಕೆ ಹೊಲಿದರೆ 646. ಅದೇ ರವಿಕೆಯ ತೋಳಿಗೆ ಕಸೂತಿ ಹಾಕಿದರೆ 746! ಕಸೂತಿ ಲಲಿತಕಲೆ, ಚಿತ್ರ ಶಿಲ್ಪಗಳ ಬಡಾವಣೆ. ಸೂಜಿ ಅದೇ, ದಾರ ಅದೇ, ಕೈಯೂ ಅದೇ. ಹೊಟ್ಟೆಪಾಡಿಗೆ ಹೊಲಿಯುವವಳು ಒಂದು ಬೀರುವಿನಲ್ಲಿ, ಬಿಡುವಿಗೆ ಹೊಲಿಯುವವಳು ಇನ್ನೊಂದರಲ್ಲಿ. ನಡುವೆ ಸರಿಯಾಗಿ ನೂರು ನಂಬರಿನ ದೂರ.

ಆಮೇಲೆ ಹಳೆಯ ಸಂಪುಟ ತೆಗೆದು, ಹೆಂಗಸರ ಬಗ್ಗೆ ಬರೆದ ಪುಸ್ತಕಗಳು ಎಲ್ಲಿವೆ ಎಂದು ನೋಡಿದೆ. 396. ‘ಹೆಂಗಸರ ಸ್ಥಾನಮಾನ’ ಎಂಬ ಅರ್ಥದ ಹೆಸರು. ಅದು ಇದ್ದದ್ದು 390ರಲ್ಲಿ, ಅಂದರೆ ಆಚಾರ, ಪದ್ಧತಿ, ಉಡುಗೆ ತೊಡುಗೆಗಳ ಓಣಿಯಲ್ಲಿ. ಪಕ್ಕದ ಮನೆಗಳು ಯಾವುವು ಎಂದು ಬೆರಳಿಟ್ಟು ನೋಡಿದರೆ, ಈ ಕಡೆ 395, ಸಭ್ಯತೆಯ ರೀತಿನೀತಿ. ಆ ಕಡೆ 397, ಅಲೆಮಾರಿಗಳು ಮತ್ತು ಸಮಾಜದಿಂದ ಹೊರಗಿಟ್ಟವರು. ಅಲ್ಲಿಂದ ಮುಂದೆ 398, ಅಜ್ಜಿಕಥೆ. ಆ ಪುಟದಲ್ಲಿ ಗಂಡಸರಿಗೆಂದು ಬೇರೆ ಅಂಕಿ ಇರಲಿಲ್ಲ. ಇರಬೇಕಾದ ಅಗತ್ಯವೇನು, ಮಿಕ್ಕ ಮನೆಯೆಲ್ಲ ಅವರದೇ ಅಲ್ಲವೇ?

ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಯಾರೂ ನಮ್ಮನ್ನು ಬೈದಿರಲಿಲ್ಲ. ಕೆಟ್ಟ ಮಾತು ಒಂದೂ ಇರಲಿಲ್ಲ. ಮೂರು ಅಂಕಿ, ಅಷ್ಟೇ. ಆದರೆ ಓದಲು ಬಂದ ಒಬ್ಬ ಹುಡುಗಿ ಅರ್ಥಶಾಸ್ತ್ರದ 330ನ್ನೋ, ಕಾನೂನಿನ 340ನ್ನೋ ನೋಡುತ್ತಾ ನಡೆದರೆ ಅಲ್ಲಿ ತನ್ನಂಥವರ ಸುದ್ದಿಯೇ ಕಣ್ಣಿಗೆ ಬೀಳದೆ, ಕೊನೆಗೆ ಉಡುಗೆ ತೊಡುಗೆ ಮದುವೆ ತಿಥಿಗಳನ್ನೆಲ್ಲ ದಾಟಿ, ಹೇಗೆ ನಯವಾಗಿ ಮಾತಾಡಬೇಕೆಂಬ ಪುಸ್ತಕಗಳಿಗೆ ಒತ್ತಿಕೊಂಡು ತಾನು ನಿಂತಿರುವುದನ್ನು ಕಾಣುತ್ತಿದ್ದಳಲ್ಲ! ಈಚಿನ ಸಂಪುಟದಲ್ಲಿ ಇದು ಬದಲಾಗಿದೆ. ಈಗ ನಾವು 305.4, ಸಮಾಜಶಾಸ್ತ್ರದಲ್ಲಿ, ಜನಸಮುದಾಯಗಳ ನಡುವೆ. ಅಲ್ಲೇ ಹತ್ತಿರದಲ್ಲಿ 305.31 ಎಂದು ಗಂಡಸರಿಗೂ ಒಂದು ನಂಬರು ಕೊಟ್ಟಿದ್ದಾರೆ. ಅವರಿಗೂ ಒಂದು ವಿಳಾಸ ಅಂತ ಆಯಿತಲ್ಲ, ಸಂತೋಷ.

ಡ್ಯೂಯಿಯನ್ನು ಹೊಗಳಬೇಕೋ ತೆಗಳಬೇಕೋ ನನಗೆ ತಿಳಿಯದು. 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಅವನು ಗ್ರಂಥಪಾಲಕರ ಶಾಲೆ ತೆರೆದಾಗ ಮೊದಲ ತಂಡದ 20 ಜನರಲ್ಲಿ 17 ಮಂದಿ ಹೆಂಗಸರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅದೇ ಮನುಷ್ಯ ಹೆಣ್ಣುಮಕ್ಕಳೊಡನೆ ಸಲ್ಲದ ರೀತಿ ನಡೆದುಕೊಂಡನೆಂಬ ದೂರುಗಳು ಬಂದು, 1906ರಲ್ಲಿ ತಾನೇ ಮುಂದೆ ನಿಂತು ಕಟ್ಟಿದ ಅಮೆರಿಕದ ಗ್ರಂಥಾಲಯ ಸಂಘದಿಂದ ದೂರವಾಗಬೇಕಾಯಿತು. ಆ ಸಂಘ 2019ರಲ್ಲಿ ತನ್ನ ಪದಕದಿಂದ ಅವನ ಹೆಸರನ್ನೇ ತೆಗೆದುಹಾಕಿತು. ಬಾಗಿಲು ತೆರೆದ ಕೈಯೇ ಹಾಗಿದ್ದರೆ ಏನು ಹೇಳುವುದು?

ಇನ್ನು ನಮ್ಮ ಕನ್ನಡದ ವಿಳಾಸ. ಇಂಗ್ಲಿಷ್ ಸಾಹಿತ್ಯಕ್ಕೆ 820, ಅಮೆರಿಕದವರಿಗೆ 810, ಜರ್ಮನ್ನಿಗೆ 830, ಫ್ರೆಂಚಿಗೆ 840. ಎಲ್ಲ ಮುಖ್ಯರಸ್ತೆಯ ನಿವೇಶನಗಳು. ಮಿಕ್ಕ ಲೋಕಕ್ಕೆಲ್ಲ ಸೇರಿ 890. ಅದರೊಳಗೆ 894ರಲ್ಲಿ ತುರ್ಕಿ, ಹಂಗೇರಿ, ಫಿನ್ಲೆಂಡಿನ ಭಾಷೆಗಳ ಜೊತೆ ನಮ್ಮ ದ್ರಾವಿಡ ಭಾಷೆಗಳು. ತಮಿಳು 894.811, ಮಲಯಾಳಂ 894.812, ಕನ್ನಡ 894.814. ಬೆಳಗಾವಿಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವ ಮರಾಠಿ ಮಾತ್ರ ಅಷ್ಟು ದೂರ, 891.46ರಲ್ಲಿ. ಬೀರುವಿನಲ್ಲಿ ನಮ್ಮ ನೆರೆಯವರು ಹಂಗೇರಿಯವರು, ಒಮ್ಮೆಯೂ ಸಕ್ಕರೆ ಕಡ ಕೇಳಲು ಬಾರದ ನೆರೆಯವರು! ಧರ್ಮದ ಕಥೆಯೂ ಇದೇ. 200ರಲ್ಲಿ ಹೆಚ್ಚಿನ ಪಾಲು ಕ್ರೈಸ್ತ ಧರ್ಮಕ್ಕೆ ಹೋಗಿ, ಹಿಂದೂ, ಬೌದ್ಧ, ಜೈನರೆಲ್ಲ 294ರ ಒಂದೇ ವಠಾರ. ಬರೆದವರು ಯಾವ ಊರಿನ ಜಗಲಿಯ ಮೇಲೆ ಕೂತು ಲೋಕ ನೋಡಿದರೋ ಆ ಊರು ದೊಡ್ಡದಾಗಿ ಕಾಣುತ್ತದೆ. ಸ್ಥಳೀಯ ಭಾಷೆಗೆ ಮೊದಲ ಮಣೆ ಹಾಕಿಕೊಳ್ಳಲು ಆ ಪದ್ಧತಿಯಲ್ಲೇ ಅವಕಾಶವಿದೆ ಎಂದು ಹಿರಿಯರು ಹೇಳಿದರು. ಸದ್ಯ.

ಶಾಲೆಯ ಬೀರುಗಳಿಗೆ ನಂಬರು ಹಾಕಲು ಕೂತಾಗ ನಮ್ಮ ಆಗಿನ ಮುಖ್ಯೋಪಾಧ್ಯಾಯರು ಬಂದರು. ಒಳ್ಳೆಯವರೇ. ‘ಇಷ್ಟೆಲ್ಲ ಯಾಕೆ ಮೇಡಂ? ಅಡುಗೆ, ಹೊಲಿಗೆ, ರಂಗೋಲಿ, ತ್ರಿವೇಣಿ, ಎಂ.ಕೆ. ಇಂದಿರಾ ಎಲ್ಲ ಒಂದು ಬೀರು ಮಾಡಿ, ಹುಡುಗಿಯರ ಬೀರು ಅಂತ ಬರೆದುಬಿಡಿ. ಸೈನ್ಸು, ಕ್ರಿಕೆಟ್ಟು, ಜನರಲ್ ನಾಲೆಡ್ಜು ಇನ್ನೊಂದಕ್ಕೆ. ಮಕ್ಕಳಿಗೆ ಹುಡುಕೋದು ಸುಲಭ’ ಎಂದರು. ನಿಜವಾಗಿಯೂ ಸುಲಭ. ಅದೇ ನನಗೆ ಭಯವಾದದ್ದು. ಆ ಬೀರುವಿನ ಮುಂದೆ ಒಂದು ಸಲ ನಿಂತ ಹುಡುಗಿ ಇನ್ನೊಂದರ ಹತ್ತಿರ ಯಾಕೆ ಹೋದಾಳು? ಹುಡುಗರಂತೂ ಇತ್ತ ತಲೆ ಹಾಕುವುದೇ ಅವಮಾನವೆಂದುಕೊಂಡಾರು. ‘ಗಂಡು ಹುಡುಗರಿಗೆ ಹಸಿವಾಗೋದಿಲ್ವೇ ಸಾರ್?’ ಎಂದೆ. ಅವರು ನಕ್ಕರು, ಆದರೆ ಒಪ್ಪಲಿಲ್ಲ. ಮೂರು ದಿನ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. ತ್ರಿವೇಣಿಯ ‘ಶರಪಂಜರ’ ಕಾರಂತರ ಕಾದಂಬರಿಗಳ ಸಾಲಿನಲ್ಲಿ ಕೂರದಿದ್ದರೆ ನಾನು ಈ ಚಾರ್ಜನ್ನೇ ವಾಪಸು ಕೊಡುತ್ತೇನೆ ಎಂದು ನಾಲ್ಕನೆಯ ದಿನ ಕೀ ಗೊಂಚಲು ತೆಗೆದು ಮೇಜಿನ ಮೇಲಿಟ್ಟೆ. ಆ ಕೀ ತೆಗೆದುಕೊಳ್ಳಲು ಬೇರೆ ಯಾರೂ ಮುಂದೆ ಬರಲಿಲ್ಲ. ಹೀಗಾಗಿ ನನ್ನ ಮಾತು ನಡೆಯಿತು.

600ಕ್ಕೆಲ್ಲ ಸೇರಿ ಒಂದೇ ಬೀರು ಆಯಿತು. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿ ರವಿಕೆ ಕತ್ತರಿಸುವ ಪುಸ್ತಕ ಕೇಳಿಕೊಂಡು ಬಂದಳು. ಅವರಮ್ಮ ಟೈಲರಿಂಗು. 646 ಎಂದು ಹೇಳಿ ಕಳಿಸಿದೆ. ಅದರ ಮೇಲಿನ ಸಾಲಿನಲ್ಲಿ 621ರ ಪುಸ್ತಕಗಳಿದ್ದವು, ನೀರಿನ ಪಂಪು ಮೋಟಾರು ರಿಪೇರಿಯದೂ ಒಂದಿತ್ತು. ಅವಳು ಎರಡನ್ನೂ ತಂದು ನನ್ನ ಮುಂದಿಟ್ಟಳು. ‘ಇದು ಯಾಕಮ್ಮ?’ ಎಂದೆ. ‘ನಮ್ಮನೆ ಸಂಪಿನ ಮೋಟಾರು ಎರಡು ದಿನದಿಂದ ಬರೀ ಗುಂಯ್ ಅಂತದೆ ಮಿಸ್, ತಿರುಗಲ್ಲ. ರಿಪೇರಿಯವನು ಬರಲಿಲ್ಲ’ ಎಂದಳು. ವಾರದ ಮೇಲೆ ಪುಸ್ತಕ ಹಿಂದಿರುಗಿಸಲು ಬಂದಾಗ, ‘ಕಂಡೆನ್ಸರ್ ಹೋಗಿತ್ತು ಮಿಸ್’ ಎಂದಷ್ಟೇ ಹೇಳಿದಳು. ರವಿಕೆಯ ಪುಸ್ತಕವನ್ನು ಇನ್ನೊಂದು ವಾರಕ್ಕೆ ಬರೆಸಿಕೊಂಡು ಹೋದಳು. ಹುಡುಕಿಕೊಂಡು ಬಂದ ಪುಸ್ತಕ ಸಿಗುವುದು ಒಂದು ಲಾಭ. ಹುಡುಕದೆ ಇದ್ದದ್ದು ಪಕ್ಕದಲ್ಲಿ ಸಿಗುವುದು ಇನ್ನೊಂದು. ವಿಷಯವಾರು ಜೋಡಿಸುವುದರ ಸುಖವಿರುವುದು ಈ ಎರಡನೆಯದರಲ್ಲೇ ಎಂದು ನನ್ನ ಅನಿಸಿಕೆ.

ಆದರೆ ಕೆಲವು ಪುಸ್ತಕಗಳು ಎಲ್ಲಿಯೂ ಸುಮ್ಮನೆ ಕೂರುವುದಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದ ಕಾದಂಬರಿ. ಫಣಿಯಮ್ಮ ನಿಜವಾಗಿ ಬಾಳಿ ಹೋದ ಬಾಲವಿಧವೆ. ಹಾಗಾದರೆ ಅದು ಜೀವನಚರಿತ್ರೆಯೇ? ಸಮಾಜಶಾಸ್ತ್ರವೇ? ಬೀರುವಿನಲ್ಲಿ ಕಾದಂಬರಿಯೇ. ಅಕ್ಕಮಹಾದೇವಿಯ ವಚನಗಳನ್ನು ಕಾವ್ಯದಲ್ಲಿಡುವುದೋ ಧರ್ಮದಲ್ಲಿಡುವುದೋ? ಅಕ್ಕನನ್ನು ಕೇಳಿದ್ದರೆ ಎರಡೂ ಬೀರು ಬೇಡವೆಂದು ಹೊರಟುಹೋಗುತ್ತಿದ್ದಳೇನೋ. ಪುಸ್ತಕಕ್ಕೆ ಇರುವುದು ಒಂದೇ ಮೈ, ಇಡಬಹುದಾದ ಜಾಗವೂ ಒಂದೇ. ಈ ಕಷ್ಟವನ್ನೇ ಹಿಡಿದು ಕೂತವರು ನಮ್ಮ ಎಸ್.ಆರ್. ರಂಗನಾಥನ್.

ರಂಗನಾಥನ್ ಮೂಲತಃ ನಮ್ಮ ಹಾಗೇ ಮೇಷ್ಟ್ರು, ಗಣಿತದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಬಂದ ಕೆಲವೇ ದಿನಕ್ಕೆ ಬೇಸರ ಬಂದು, ಪಾಠಕ್ಕೇ ಕಳಿಸಿಬಿಡಿ ಎಂದು ಕೇಳಿಕೊಂಡರಂತೆ. ಮೊದಲು ಲಂಡನ್ನಿಗೆ ಹೋಗಿ ಕಲಿತು ಬಾ, ಆಮೇಲೂ ಬೇಡವಾದರೆ ನೋಡೋಣ ಎಂದರು. ಅಲ್ಲಿ ಸೆಲ್‌ಫ್ರಿಜಸ್ ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ಕಣ್ಣಿಗೆ ಬಿತ್ತು. ಅವೇ ಪಟ್ಟಿ, ಅವೇ ತಿರುಪುಗಳಿಂದ ಒಮ್ಮೆ ಬಂಡಿ, ಒಮ್ಮೆ ಸೇತುವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದೇ ಅಕ್ಕಿಹಿಟ್ಟು, ಒಮ್ಮೆ ರೊಟ್ಟಿ, ಒಮ್ಮೆ ಕಡುಬು, ಒಮ್ಮೆ ಚಕ್ಕುಲಿ. ವಿಷಯಗಳಿಗೂ ಮೊದಲೇ ಕಟ್ಟಿಟ್ಟ ಮನೆ ಯಾಕೆ? ಬಿಡಿಭಾಗ ಇಟ್ಟುಕೊಂಡು, ಬಂದ ಪುಸ್ತಕಕ್ಕೆ ತಕ್ಕಂತೆ ಜೋಡಿಸಿದರಾಯಿತು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣದ ಗುಟ್ಟು ಇದೇ. ಮುಂದೆ ಅವರು ಅದನ್ನು ಐದು ಪ್ರಶ್ನೆಗಳಿಗೆ ತಂದು ನಿಲ್ಲಿಸಿದರು. ಯಾವುದರ ಬಗ್ಗೆ, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಅಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆಗೆ ಒಂದು ಕೇಂದ್ರ ತೆರೆದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ದತ್ತಿ ಇರುವುದು ಹೆಂಡತಿ ಶಾರದಾ ಅವರ ಹೆಸರಿನಲ್ಲಿ. ಪುಸ್ತಕದವರ ಮನೆಯಲ್ಲಿ ಎಂಥ ಹೆಸರು!

ಅವರ ಪದ್ಧತಿ ಕಠಿಣ, ನಾನು ಕಂಡ ಊರುಗಳ ಗ್ರಂಥಾಲಯಗಳಲ್ಲೆಲ್ಲ ಡ್ಯೂಯಿಯದೇ ನಡೆಯುತ್ತದೆ. ಆದರೆ 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದು ನನಗೆ ಬಹಳ ಇಷ್ಟ. ಓದುಗರ ಸಮಯ ಉಳಿಸಬೇಕು ಎಂಬುದು. ಒಲೆಯ ಮೇಲೆ ಹಾಲಿಟ್ಟು ಬಂದವರ ಕಷ್ಟ ಈ ಗಣಿತದ ಮೇಷ್ಟ್ರಿಗೆ ಹೇಗೆ ಗೊತ್ತಾಯಿತೋ!

ಇದೆಲ್ಲ ನಡೆಯುತ್ತಿದ್ದ ವರ್ಷವೇ ನಮ್ಮತ್ತೆ ತೀರಿಕೊಂಡರು. ಹಳ್ಳಿಯ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ಅವರ ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ಮೈದುನ ಹಳೇ ಪೇಪರಿನವನಿಗೆ ಕಟ್ಟಿಟ್ಟಿದ್ದ ಗಂಟಿಗೆ ಅದನ್ನೂ ಸೇರಿಸಿದ್ದ. ಅವನ ತಪ್ಪೇನಿಲ್ಲ, ಮೊದಲ ಪುಟದಲ್ಲಿ ಹಾಲಿನ ಲೆಕ್ಕವಿತ್ತು. ನಾನು ಗಂಟು ಬಿಚ್ಚಿ ಮಗುಚಿ ನೋಡಿದೆ. ಹಾಲಿನ ಲೆಕ್ಕದ ಹಿಂದೆ ಬಾಣಂತಿ ಖಾರದ ಅಳತೆ. ಅದರ ಹಿಂದೆ ಹಸೆಗೆ ಕರೆಯುವ ಹಾಡು. ಹಪ್ಪಳಕ್ಕೆ ಉದ್ದು ಎಷ್ಟು ಸೇರು, ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು, ಗೌರಿ ಹಸು ಈದ ದಿನ, ಮಗುವಿಗೆ ಜ್ವರ ಬಂದಾಗ ಕೊಟ್ಟ ಕಷಾಯ. ಒಂದು ಪುಟದಲ್ಲಿ ಒಂದು ಹೆಸರು, ಹುಟ್ಟಿದ ದಿನ, ಹನ್ನೊಂದು ದಿನದ ಮೇಲೆ ಇನ್ನೊಂದು ದಿನಾಂಕ, ಅಷ್ಟೇ. ನಮ್ಮವರಿಗೆ ಒಬ್ಬ ಅಕ್ಕ ಇದ್ದಳೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮವರು ಆ ಪುಟವನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದರು.

ಮೂಲವನ್ನು ಮನೆಯಲ್ಲಿಟ್ಟುಕೊಂಡು, ಆ ಒಂದು ಪುಟ ಬಿಟ್ಟು, ಜೆರಾಕ್ಸ್ ಮಾಡಿಸಿ ಹೊಲಿಸಿ ಶಾಲೆಯ ಲೈಬ್ರರಿಗೆ ಸೇರಿಸಬೇಕೆಂದುಕೊಂಡೆ. ಆದರೆ ನಂಬರು ಏನು ಕೊಡುವುದು? ಅಡುಗೆಯಾದ್ದರಿಂದ 641.5 ಎಂದಳು ನಾದಿನಿ. ಮದ್ದು ಇರುವುದರಿಂದ 615 ಎಂದು ನಾನೇ ಅಂದುಕೊಂಡೆ. ಹಾಡು ನೋಡಿದರೆ ಜಾನಪದ. ಹಿರಿಯ ಗ್ರಂಥಪಾಲಕರ ಹತ್ತಿರ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಒಂದೊಂದೇ ಪುಟ ನೋಡಿದರು. ‘ಐವತ್ತು ವರ್ಷದ ಮೇಲೆ ಇದನ್ನ ಯಾರು ಹುಡುಕಿಕೊಂಡು ಬರಬೇಕು ಅಂತ ನಿಮಗೆ ಆಸೆ?’ ಎಂದು ಕೇಳಿದರು. ನಾನು ಯೋಚಿಸಿ, ಪೆನ್ಸಿಲಿನಲ್ಲಿ 954.87 ಎಂದು ಬರೆದೆ. ಅದು ಕರ್ನಾಟಕದ ಇತಿಹಾಸದ ನಂಬರು, ರಾಜಮಹಾರಾಜರು ಇರುವ ಸಾಲು.

ಅವರು ನಗಲಿಲ್ಲ. ‘ಸರಿ. ಆದರೆ ಬಾಣಂತಿ ಖಾರ ಹುಡುಕುವವರು ಇತಿಹಾಸದ ಬೀರುವಿಗೆ ಬರೋದಿಲ್ಲವಲ್ಲ ಮೇಡಂ’ ಎಂದು ಒಳಗಿನಿಂದ ಹಳೆಯ ಕ್ಯಾಟಲಾಗ್ ಕಾರ್ಡುಗಳ ಕಟ್ಟು ತಂದರು. ಪುಸ್ತಕ ಇರುವುದು ಒಂದೇ ಕಡೆಯಾದರೂ ಕಾರ್ಡು ಎಷ್ಟು ಬೇಕಾದರೂ ಬರೆಯಬಹುದು, ಒಂದೊಂದು ಕಾರ್ಡೂ ಒಂದೊಂದು ಬಾಗಿಲು ಎಂದರು. ಅಡುಗೆ, ಮದ್ದು, ಹಾಡು, ಶಿಶುಪಾಲನೆ, ಹೈನು ಎಂದು ಐದು ಕಾರ್ಡು ಬರೆದೆವು. ಪ್ರತಿಯೊಂದರ ಕೆಳಗೂ ‘954.87 ನೋಡಿ’. ಕರ್ತೃವಿನ ಹೆಸರಿನ ಕಾರ್ಡಿನಲ್ಲಿ ನಮ್ಮತ್ತೆಯ ಪೂರ್ತಿ ಹೆಸರು ಬರೆದೆ. ಅದನ್ನು ಅಚ್ಚುಕಟ್ಟಾಗಿ ಬರೆದದ್ದನ್ನು ನಾನು ನೋಡಿದ್ದು ಲಗ್ನಪತ್ರಿಕೆಗಳಲ್ಲಿ ಮಾತ್ರ, ಅದೂ ಮಾವನ ಹೆಸರಿನ ಕೆಳಗೆ. ಮನೆಗೆ ಬಂದು ಹೇಳಿದಾಗ ನಾದಿನಿ ಇನ್ನೂ ಒಂದು ಕಾರ್ಡು ಬೇಕೇ ಬೇಕು ಎಂದು ಹಟ ಹಿಡಿದಳು. ಆರನೆಯದನ್ನು ಅವಳ ಕೈಯಿಂದಲೇ ಬರೆಸಿದೆ: ‘ಮುಯ್ಯಿ — ಯಾರು ಎಷ್ಟು ಹಾಕಿದರು’.